ಹಳೇ ಸ್ಟೀಲ್ ಎಂಟಿಬಿನ ಘಾಟ್ ಹತ್ತೋ ಟೂರಿಂಗ್ ಸೈಕಲ್ ಮಾಡಿದ್ದು, ಪೋಂಡಾದ ಬಾಲ್ಕನೀಲಿ

ಮೊದ್ಲೇ ಹೇಳ್ಬಿಡ್ತೀನಿ, ಇದು ಲಕ್ಷ ರೂಪಾಯಿ ಸೈಕಲ್ ಕಥೆ ಅಲ್ಲ. ವಾಸ್ಕೋದಲ್ಲಿ ಒಬ್ರು ಊರು ಬಿಟ್ಟು ಹೋಗೋವಾಗ ಗುಜರಿಗೆ ಹಾಕ್ಬೇಕು ಅಂತಿದ್ದ 26 ಇಂಚಿನ ಹಳೇ ಸ್ಟೀಲ್ ಎಂಟಿಬಿ (ಮೌಂಟನ್ ಬೈಕ್), ಹಿಂದೆ 6 ಗೇರ್, ಮುಂದೆ 3, ಸಮುದ್ರದ ಗಾಳಿಗೆ ಹ್ಯಾಂಡಲ್ ಸ್ಟೆಮ್ ಎಲ್ಲ ತುಕ್ಕು ಹಿಡಿದು ಕಂದು ಬಣ್ಣಕ್ಕೆ ತಿರುಗಿತ್ತು. ಆದ್ರೆ ಫ್ರೇಮ್ ಮೇಲೆ ಬೆರಳಲ್ಲಿ ತಟ್ಟಿ ನೋಡಿದ್ರೆ ಎಲ್ಲೂ ಡಬ್ಬ ಶಬ್ದ ಇಲ್ಲ, ಜಾಯಿಂಟಲ್ಲಿ ಬಿರುಕಿಲ್ಲ, ಬ್ರೇಕ್ ಕೂರೋ ಬಾಸ್‌ಗಳು ಗಟ್ಟಿ ಇವೆ, ಇಷ್ಟು ಸಾಕು ಅಂತ ತಂದೆ.

ನನಗೆ ಬೇಕಾಗಿದ್ದು ಒಂದೇ ಕೆಲಸಕ್ಕೆ. ಗೋವಾದಿಂದ ಪೂರ್ವಕ್ಕೆ ಯಾವ ಕಡೆ ಸೈಕಲ್ ತಿರುಗಿಸಿದ್ರೂ ಕಾಡು ಮತ್ತೆ ಏರು, ಬೇರೆ ಏನಿಲ್ಲ. ಮೇಲ್ಗಡೆ ಚೋರ್ಲಾ ಘಾಟ್, ಗೋವಾ ಕರ್ನಾಟಕ ಮಹಾರಾಷ್ಟ್ರ ಮೂರೂ ಅಲ್ಲಿ ಹತ್ತಿರ ಹತ್ತಿರ ಬಂದು ಕೂಡ್ತವೆ, ಒಂದು ಪಕ್ಕ ಮಾದೇಯಿ ಅಭಯಾರಣ್ಯ, ಇನ್ನೊಂದು ಪಕ್ಕ ಖಾನಾಪುರದ ಭೀಮಗಡ. ಕೆಳಗೆ ಮೊಲೆಂ ದಾಟಿದ್ರೆ ಅನಮೋಡ ಘಾಟ್, ಹತ್ತಿದ ಕೂಡ್ಲೇ ಜೋಯಿಡಾ ತಾಲೂಕು, ಕ್ಯಾಸಲ್‌ರಾಕ್, ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಹಂಗೇ ಮುಂದೆ ದಾಂಡೇಲಿ. ಬೆಳಗಾವಿಯಲ್ಲಿರೋ ತಮ್ಮನ ಮನೆಗೆ ಬಸ್ಸಲ್ಲಿ ಹೋಗ್ತಾ ಹೋಗ್ತಾ ಪ್ರತಿ ಸಲ ಕಿಟಕಿಯಿಂದ ಈ ರಸ್ತೆ ನೋಡಿ ಹೊಟ್ಟೆ ಉರ್ಕೊಳ್ಳೋದು ಸಾಕಾಗಿತ್ತು.

ಹೊಸ ಸೈಕಲ್ ಯಾಕೆ ತಗೊಳ್ಳಿಲ್ಲ ಅಂತ ಆಫೀಸಲ್ಲಿ ಎಲ್ರೂ ಕೇಳ್ತಾರೆ. ಮುಂದೆ ಶಾಕ್ ಅಬ್ಸಾರ್ಬರ್, ದಪ್ಪ ಟೈರು, ಹೈಡ್ರಾಲಿಕ್ ಡಿಸ್ಕ್, ಎಲ್ಲ ಚೆನ್ನಾಗಿದೆ, ಆದ್ರೆ ಅಂಥಾ ಸೈಕಲ್ ತಗೊಂಡೋರು ಬಹಳಷ್ಟು ಜನ ಕ್ಯಾರಿಯರ್ ಹಾಕೋಕೆ ಜಾಗ ಇಲ್ದೆ ಬೆನ್ನ ಮೇಲೆ ಹತ್ತು ಕೆಜಿ ಬ್ಯಾಗ್ ಹೊತ್ಕೊಂಡು ಘಾಟ್ ಹತ್ತೋದನ್ನ ನೋಡಿದೀನಿ, ಆಮೇಲೆ ಎರಡು ದಿನ ಸೊಂಟ ಹಿಡ್ಕೊಂಡು ಕೂರ್ತಾರೆ. ನನ್ನ ಲೆಕ್ಕ ಬೇರೆ. ರಾಮನಗರದ ಪಂಕ್ಚರ್ ಅಂಗಡೀಲಿ (ಜೋಯಿಡಾದ ರಾಮನಗರ ಮಾರಾಯ್ರೆ, ಬೆಂಗಳೂರು ಪಕ್ಕದ್ದಲ್ಲ) ಪಾನಾ, ಸುತ್ತಿಗೆ, ಏರ್ ಪಂಪಲ್ಲಿ ಸರಿ ಮಾಡೋಕೆ ಆಗದೇ ಇರೋ ಸಾಮಾನು ಈ ಸೈಕಲ್ ಮೇಲೆ ಆದಷ್ಟು ಕಮ್ಮಿ ಇರ್ಬೇಕು. ಮತ್ತೆ ದುಡ್ಡು ಸುರಿಯೋದಾದ್ರೆ ಎರಡೇ ಕಡೆ ಸುರಿಯೋದು, ಹಿಂದಿನ ಚಕ್ರಕ್ಕೆ ಮತ್ತೆ ಕೆಳಗಿನ ಗೇರಿಗೆ. ಮಿಕ್ಕಿದ್ದೆಲ್ಲ ಹೆಂಗಿದ್ರೂ ನಡೆಯುತ್ತೆ.

ಬಿಚ್ಚೋದ್ರಿಂದ ಶುರು. ಪೆಡಲ್ ಕ್ರ್ಯಾಂಕ್ ಬಿಚ್ಚಿದ್ದು ಸಲೀಸು, ಆದ್ರೆ ಬಾಟಮ್ ಬ್ರ್ಯಾಕೆಟ್, ಅಂದ್ರೆ ಕ್ರ್ಯಾಂಕಿನ ಅಚ್ಚು ತಿರುಗೋ ಬೇರಿಂಗು, ಅದ್ರ ಕಪ್ ಜಪ್ಪಯ್ಯ ಅಂದ್ರೂ ಅಲ್ಲಾಡ್ಲಿಲ್ಲ. ಗೊತ್ತಿಲ್ದೋರಿಗೆ ಹೇಳ್ತೀನಿ, ಚೈನ್ ಇರೋ ಕಡೆ ಕಪ್ಪಿಗೆ ಎಡಮರೆ (ಉಲ್ಟಾ ಥ್ರೆಡ್) ಇರುತ್ತೆ, ಅಂದ್ರೆ ಬಿಚ್ಚೋಕೆ ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸ್ಬೇಕು, ಅದನ್ನ ಮರೆತು ಜೋರು ಹಾಕಿದ್ರೆ ಇನ್ನೂ ಬಿಗಿ ಆಗ್ತಾ ಹೋಗುತ್ತೆ. ತುಕ್ಕು ಬಿಡಿಸೋ ಎಣ್ಣೆ ರಾತ್ರಿ ಸ್ಪ್ರೇ ಮಾಡಿ ಬೆಳಿಗ್ಗೆ ದೊಡ್ಡ ಪಾನಾಕ್ಕೆ ಜಿಐ ಪೈಪ್ ತುಂಡು ಸಿಗಿಸಿ ಮೇಲೆ ಕಾಲಿಟ್ಟು ನಿಂತ್ಮೇಲೆ ಟಕ್ ಅಂತು. ಒಳಗೆ ಗ್ರೀಸ್ ಅನ್ನೋದು ಒಣಗಿ ಕೆಂಪು ಹುಡಿ ಆಗಿತ್ತು. ಆ ಜಾಗಕ್ಕೆ ಸೀಲ್ಡ್ ಕಾರ್ಟ್ರಿಡ್ಜ್ ಹಾಕ್ದೆ, 68 ಎಂಎಂ ಶೆಲ್, ಮರೆಗಳು ಮಾಮೂಲಿ ಬಿಎಸ್‌ಎ ಸೈಜಿಂದೇ, ಹಂಗಾಗಿ ಹುಡುಕಾಟ ಇರ್ಲಿಲ್ಲ.

ನಿಜವಾದ ವಿಷಯ ಸಿಕ್ಕಿದ್ದು ಹಿಂದಿನ ಹಬ್‌ನಲ್ಲಿ. ಆಕ್ಸಲ್ ಹೊರಗೆ ತೆಗೆದು ಅಡುಗೆಮನೆ ಗ್ರಾನೈಟ್ ಕಟ್ಟೆ ಮೇಲೆ ಉರುಳಿಸಿದ್ರೆ ಒಂದು ತುದಿ ಸುಮ್ನೆ ತಿರುಗುತ್ತೆ, ಇನ್ನೊಂದು ತುದಿ ಎದ್ದು ಕೂತು ಎದ್ದು ಕೂತು ಮಾಡುತ್ತೆ. ಅಂದ್ರೆ ಬೆಂಡು. ಬೆಂಡಾಗಿದ್ದು ಗೇರ್ ಇರೋ ಕಡೇನೇ, ಕೋನ್ ಕೂರೋ ಜಾಗದ ಪಕ್ಕದಲ್ಲೇ, ಅಲ್ಲಲ್ದೆ ಬೇರೆ ಕಡೆ ಆಗೋದೂ ಕಮ್ಮಿ. ಹಳೇ ಸೈಕಲ್‌ಗಳಲ್ಲಿ ಗೇರಿನ ಗೊಂಚಲು, ಅದೇ ಫ್ರೀವೀಲ್, ಹಬ್ ಮೇಲೆ ಮರೆ ಹಾಕಿ ತಿರುಗಿಸಿ ಕೂರಿಸಿರ್ತಾರೆ, ಹಬ್‌ನ ಬೇರಿಂಗ್ ಆ ಗೊಂಚಲಿನ ಒಳಗಡೆ ದೂರ ಉಳ್ಕೊಳುತ್ತೆ, ಅಲ್ಲಿಂದ ಫ್ರೇಮ್‌ವರೆಗೆ ಆಕ್ಸಲ್ಲಿಗೆ ಏನೂ ಆಸರೆ ಇಲ್ಲ. 6 ಗೇರಿನ ಗೊಂಚಲಿಗಿಂತ 7, 8 ಗೇರಿಂದು ಇನ್ನೂ ಅಗಲ, ಹಂಗಾಗಿ ಇನ್ನೂ ಕೆಟ್ಟದ್ದು. ಒಬ್ನೇ ಕೂತು ಊರೊಳಗೆ ಓಡಾಡಿದ್ರೆ ನಡೆಯುತ್ತೆ, ಹಿಂದೆ ಲಗೇಜ್ ಹೇರಿ ಗುಂಡಿಗಳ ಮೇಲೆ ಇಳಿಸಿದ್ರೆ ಒಂದಿನ ಬೆಂಡು, ಇನ್ನೊಂದಿನ ಎರಡು ತುಂಡು. ಶಿಮಾನೋದವರ ಫ್ರೀಹಬ್ ಬಂದಿದ್ದೇ ಇದಕ್ಕೆ ಉತ್ತರವಾಗಿ, ಅದ್ರಲ್ಲಿ ಬಲಗಡೆ ಬೇರಿಂಗ್ ಹೊರಗೆ ಫ್ರೇಮ್ ಹತ್ರಾನೇ ಕೂರುತ್ತೆ.

ಹಂಗಾಗಿ ಹಳೇ ಹಬ್‌ಗೆ ಹೊಸ ಆಕ್ಸಲ್ ಹಾಕೋ ಯೋಚನೆ ಅಲ್ಲಿಗೇ ಬಿಟ್ಟೆ. 8 ಸ್ಪೀಡಿನ ಕ್ಯಾಸೆಟ್ ಹಬ್ (ಕ್ಯಾಸೆಟ್ ಅಂದ್ರೆ ಫ್ರೀಹಬ್ ಮೇಲೆ ಕೂರೋ ಗೇರಿನ ಗೊಂಚಲು), 36 ತೂತಿಂದು, ತಮ್ಮ ಬೆಳಗಾವಿಯಿಂದ ಬಸ್ ಕಂಡಕ್ಟರ್ ಕೈಲಿ ಕಳಿಸ್ದ. "ಅಣ್ಣಾ, ಇದ್ರ ರೊಕ್ಕದಾಗ ಇನ್ನೊಂದ್ ಹಳೇ ಸೈಕಲ್ ಬರ್ತಿತ್ತಲ್ಲೋ" ಅಂತ ಫೋನಲ್ಲಿ ಒಂದು ಮಾತು ಹೆಚ್ಚಿಗೆ ಕಳಿಸ್ದ.

ಹೊಸ ಹಬ್ 135 ಎಂಎಂ ಅಗಲ, ಫ್ರೇಮ್ ಅಳೆದ್ರೆ 130. ಸ್ಟೀಲ್ ಆಗಿರೋದ್ರಿಂದ ಹಿಗ್ಗಿಸ್ಬಹುದು, ಅಲ್ಯೂಮಿನಿಯಂ ಫ್ರೇಮಿಗೆ ಈ ಆಟ ಆಡೋಕೆ ಹೋಗ್ಬೇಡಿ, ಬಿರುಕು ಬಿಡುತ್ತೆ. ಎಂ10 ಥ್ರೆಡ್ ರಾಡು, ಎರಡು ನಟ್ಟು, ಎರಡು ದಪ್ಪ ವಾಷರ್, ಒಳಗಿಂದ ಹೊರಗೆ ನೂಕೋ ಹಂಗೆ ಇಟ್ಟು ನಟ್ ತಿರುಗಿಸ್ತಾ ಹೋಗೋದು. ಸ್ಟೀಲ್ ವಾಪಸ್ ಬರುತ್ತೆ, 135ಕ್ಕೆ ನಿಲ್ಲಿಸಿದ್ರೆ ಬಿಟ್ಟ ತಕ್ಷಣ 130ಕ್ಕೇ ಬಂದ್ಬಿಡುತ್ತೆ, ಅದಕ್ಕೆ ಸಾಕಷ್ಟು ದಾಟಿಸಿ ಎಳೆದು, ಬಿಟ್ಟು, ಅಳೆದು, ಮತ್ತೆ ಎಳೆದು. ಅವಸರ ಮಾಡೋ ಕೆಲಸ ಅಲ್ಲ. ಎರಡೂ ಕಡೆ ಸಮ ಹಿಗ್ಗಿದೆಯಾ ಅಂತ ನೋಡೋಕೆ ಹೂ ಕಟ್ಟೋ ದಾರ ಸಾಕು, ಹಿಂದಿನ ಒಂದು ಡ್ರಾಪ್‌ಔಟಿಂದ (ಆಕ್ಸಲ್ ಕೂರೋ ಸೀಳು) ಹೊರಟು ಹೆಡ್ ಟ್ಯೂಬ್ (ಹ್ಯಾಂಡಲ್ ಕೆಳಗಿನ ಗಿಡ್ಡ ಪೈಪ್) ಸುತ್ತಿ ಇನ್ನೊಂದು ಡ್ರಾಪ್‌ಔಟಿಗೆ ಬಿಗಿಯಾಗಿ ಕಟ್ಟಿ, ನಡುವೆ ಸೀಟ್ ಟ್ಯೂಬಿಂದ ದಾರಕ್ಕೆ ಎರಡೂ ಪಕ್ಕ ಎಷ್ಟು ದೂರ ಅಂತ ಸ್ಕೇಲಲ್ಲಿ ನೋಡೋದು. ಎಡಗಡೆ 2 ಎಂಎಂ ಜಾಸ್ತಿ ಬಂತು, ಆ ಕಡೆದನ್ನ ಮಾತ್ರ ಮರದ ಪಟ್ಟಿ ಸಿಗಿಸಿ ಒಳಗೆ ಎಳೆದೆ.

ಈಗ ಚಕ್ರ. ಹಳೇ ರಿಮ್ ಸ್ಟೀಲಿಂದು, ಕ್ರೋಮ್ ಪಾಲಿಷು. ಒದ್ದೆಯಾದ್ರೆ ಅದ್ರ ಮೇಲೆ ರಬ್ಬರ್ ಬ್ರೇಕ್ ಹಿಡಿಯೋದೇ ಇಲ್ಲ, ಗೋವಾ ಮಳೇಲಿ ಅದನ್ನ ನಂಬ್ಕೊಂಡು ಘಾಟ್ ಇಳಿಯೋದು ಅಂದ್ರೆ ದೇವ್ರ ಮೇಲೆ ಭಾರ ಹಾಕಿದಂಗೆ. ಡಬಲ್ ವಾಲ್ ಅಲ್ಯೂಮಿನಿಯಂ ರಿಮ್ ತಗೊಂಡೆ, 36 ತೂತು, ವಾಲ್ವ್ ತೂತು ದೊಡ್ಡದು, ಅಂದ್ರೆ ಬೈಕು ಕಾರಿನ ಥರದ್ದೇ ವಾಲ್ವ್, ಯಾವ ಪೆಟ್ರೋಲ್ ಬಂಕಲ್ಲೂ ಗಾಳಿ ಹಾಕಿಸ್ಕೋಬಹುದು.

ಕಡ್ಡಿ ಎಷ್ಟುದ್ದ ಬೇಕು ಅನ್ನೋದಕ್ಕೆ ರಿಮ್ ಒಳ ಅಳತೆ ಮುಖ್ಯ. ಪೆಟ್ಟಿಗೆ ಮೇಲೆ ಬರೆದಿದ್ದನ್ನ ನಂಬೋ ಬದ್ಲು ಎರಡು ಹಳೇ ಕಡ್ಡಿ ಕತ್ತರಿಸಿ ನಿಪ್ಪಲ್ (ಕಡ್ಡಿ ತುದಿಗೆ ಹಾಕೋ ಸಣ್ಣ ನಟ್ಟು) ಹಾಕಿ ಎದುರುಬದುರು ತೂತಲ್ಲಿ ಇಟ್ಟು ಎಳೆದು ಅಳೆದೆ, 538 ಎಂಎಂ. ಹಬ್‌ನ ಫ್ಲ್ಯಾಂಜ್, ಅಂದ್ರೆ ಕಡ್ಡಿ ಸಿಗಿಸೋ ಅಂಚು, ಅದ್ರ ತೂತುಗಳ ವೃತ್ತ 45 ಎಂಎಂ, ನಡುವಿಂದ ಎಡ ಫ್ಲ್ಯಾಂಜ್ 35, ಬಲ ಫ್ಲ್ಯಾಂಜ್ 20. ಮೂರು ಕ್ರಾಸ್ ಹೆಣಿಗೆಗೆ (ಒಂದೊಂದು ಕಡ್ಡಿ ಅದೇ ಕಡೆಯ ಬೇರೆ ಮೂರು ಕಡ್ಡಿ ದಾಟೋದು) ಲೆಕ್ಕ ಹಾಕಿದ್ರೆ ಎಡಕ್ಕೆ 260, ಬಲಕ್ಕೆ 258. ಎರಡು ಎಂಎಂ ಏನ್ ಮಹಾ ಅಂತ ಎಲ್ಲಾ ಒಂದೇ ಸೈಜ್ ಹಾಕೋರಿದಾರೆ, ಆಗುತ್ತೆ ಕೂಡ, ಆದ್ರೆ ನಿಪ್ಪಲ್ ತುದಿಯಿಂದ ಕಡ್ಡಿ ಎದ್ದು ಬಂದ್ರೆ ಟ್ಯೂಬ್ ಚುಚ್ಚುತ್ತೆ, ಒಳಗೇ ಉಳಿದ್ರೆ ನಿಪ್ಪಲ್ ತಲೆ ಹಾರುತ್ತೆ.

ಆ 35 ಮತ್ತೆ 20 ಅನ್ನೋ ವ್ಯತ್ಯಾಸದಲ್ಲೇ ಗೇರ್ ಸೈಕಲ್ ಹಿಂದಿನ ಚಕ್ರದ ಅರ್ಧ ತಲೆನೋವು ಇದೆ. ಗೇರಿಗೆ ಜಾಗ ಬಿಡೋಕೆ ಬಲ ಫ್ಲ್ಯಾಂಜ್ ಒಳಗೆ ಸರಿದಿರುತ್ತೆ, ಆ ಕಡೆ ಕಡ್ಡಿಗಳು ಹೆಚ್ಚು ಕಮ್ಮಿ ನೆಟ್ಟಗೆ ನಿಂತಿರ್ತವೆ, ರಿಮ್ ನಡುವಲ್ಲೇ ಇರ್ಬೇಕು ಅಂದ್ರೆ ಬಲಗಡೆದಕ್ಕೆ ಬಿಗಿ ಜಾಸ್ತಿ ಕೊಡ್ಬೇಕು, ಎಡಗಡೆಗೆ ಅದ್ರ ಶೇಕಡಾ 57ರಷ್ಟೇ ಬೀಳುತ್ತೆ. ಬಲಗಡೆ ಬಿಗಿ ಸಾಲ್ದೆ ಹೋದ್ರೆ ಎಡಗಡೆದು ಸಡಿಲ ಆಗಿ ಪ್ರತಿ ಸುತ್ತಿಗೂ ಬಿಗಿ ಸಡಿಲ ಬಿಗಿ ಸಡಿಲ ಆಗ್ತಾ ಮೊಣಕೈ ಹತ್ರ, ಅಂದ್ರೆ ಹಬ್ ಪಕ್ಕ ಕಡ್ಡಿ ಬಗ್ಗಿರೋ ಜಾಗದಲ್ಲಿ, ಮುರಿಯುತ್ತೆ. ಕಡ್ಡಿ ಮುರಿಯೋದು ಭಾರಕ್ಕಿಂತ ಹೆಚ್ಚಾಗಿ ಈ ಎಳೆದಾಟಕ್ಕೆ.

ಬಿಗಿ ಅಳೆಯೋ ಮೀಟರ್ ನನ್ನ ಹತ್ರ ಇಲ್ಲ. ಕಡ್ಡಿ ಮೀಟಿ ಶಬ್ದ ಕೇಳೋದು ಹಳೇ ಪದ್ಧತಿ, ನಾನು ಫೋನಲ್ಲಿ ಶ್ರುತಿ ನೋಡೋ ಆಪ್ ಹಾಕಿ ಒಂದೊಂದೇ ಮೀಟ್ತಾ ಬಲಗಡೆ ಹದಿನೆಂಟೂ ಒಂದೇ ಸ್ವರಕ್ಕೆ ತಂದೆ. ಹೆಂಡ್ತಿ ಧಾರವಾಡದೋಳು, ಸಣ್ಣೋಳಿದ್ದಾಗ ಹಿಂದೂಸ್ತಾನಿ ಕಲ್ತಿದಾಳೆ, ಅಡುಗೆಮನೆಯಿಂದ್ಲೇ "ಎಡಕ್ಕ ಷಡ್ಜ ಬರಾಕತ್ತೈತಿ, ಬಲಕ್ಕ ಮಧ್ಯಮ, ಅಲ್ಲೊಂದ್ ಕಡ್ಡಿ ಇಳದೈತಿ ನೋಡ್ರಿ" ಅಂದ್ಲು. ಸುಮ್ನೆ ತಮಾಷೆ ಅಂದ್ಕೊಂಡೆ, ಆಮೇಲೆ ಪೆನ್ನು ಹಿಡಿದು ಕೂತ್ರೆ ಲೆಕ್ಕ ಕರೆಕ್ಟಾಗಿದೆ. ತಂತಿಯ ಸ್ವರ ಬಿಗಿಯ ವರ್ಗಮೂಲಕ್ಕೆ ತಕ್ಕಂಗೆ ಏರುತ್ತೆ, 0.57ರ ವರ್ಗಮೂಲ 0.755, ಅಂದ್ರೆ ಮೂರಕ್ಕೆ ನಾಲ್ಕು, ಷಡ್ಜಕ್ಕೂ ಶುದ್ಧ ಮಧ್ಯಮಕ್ಕೂ ಇರೋ ಅಂತರ ಅದೇ ಮೂರಕ್ಕೆ ನಾಲ್ಕು. ಇಳಿದಿದ್ದ ಕಡ್ಡೀನೂ ಸಿಕ್ತು, ವಾಲ್ವ್ ಪಕ್ಕದ ಎಡಗಡೇದು. ಅಲ್ಲಿಂದ ಮುಂದೆ ಆಪ್ ಬೇಡ ಆಯ್ತು, ನಾನು ಮೀಟ್ತಾ ಹೋದೆ, ಅವ್ಳು ಚಪಾತಿ ಲಟ್ಟಿಸ್ತಾ ಹೂಂ, ಹೂಂ, ಊಹೂಂ ಅಂತ ಹೇಳ್ತಾ ಹೋದ್ಲು.

ಔಟ್ (ಚಕ್ರದ ಓಲಾಟ) ತೆಗೆಯೋಕೆ ಸ್ಟ್ಯಾಂಡ್ ಬೇಕಿಲ್ಲ, ಸೈಕಲ್ ತಲೆಕೆಳಗೆ ಮಾಡಿ ಫ್ರೇಮಿಗೆ ಎರಡು ಜಿಪ್ ಟೈ ಕಟ್ಟಿ ತುದಿ ರಿಮ್ಮಿಗೆ ಕೂದಲೆಳೆ ದೂರ ಬಿಟ್ರೆ ಸಾಕು. ಕೊನೇಗೆ ಒಂದು ಕೆಲ್ಸ ಬಹಳ ಜನ ಬಿಟ್ಬಿಡ್ತಾರೆ. ಪಕ್ಕಪಕ್ಕದ ಎರಡು ಕಡ್ಡಿ ಕೈಯಲ್ಲಿ ಹಿಡಿದು ಜೋರಾಗಿ ಹಿಂಡ್ತಾ ಪೂರಾ ಚಕ್ರ ಸುತ್ತು ಬರ್ಬೇಕು, ಟಿಣ್ ಟಿಣ್ ಅಂತ ಕಡ್ಡಿಗಳು ಅವವುಗಳ ಜಾಗದಲ್ಲಿ ಕೂರ್ತವೆ, ಮತ್ತೆ ಔಟ್ ಬರುತ್ತೆ, ಮತ್ತೆ ತೆಗೀಬೇಕು. ಸೈಕಲ್ ಅಂಗಡೀಲಿ ಕಟ್ಟಿಸಿದ ಚಕ್ರ ಒಂದು ವಾರಕ್ಕೆ ವಾಪಸ್ ಔಟ್ ಆಗೋದು ಇದನ್ನ ಮಾಡ್ದೆ ಇರೋದಕ್ಕೇನೇ. ಗ್ಲೌಸ್ ಹಾಕ್ಕೊಳ್ಳಿ, ಬೆರಳು ಕೊಯ್ಯುತ್ತೆ.

ಗೇರ್ ಲೆಕ್ಕಕ್ಕೆ ಬರೋಣ. ನಾನು 66 ಕೆಜಿ, ಸೈಕಲ್ 17, ಸಾಮಾನು 12, ಒಟ್ಟು 95. ಹಳೇ ಸೈಕಲಲ್ಲಿ ಅತಿ ಹಗುರ ಗೇರ್ ಅಂದ್ರೆ ಮುಂದೆ 28 ಹಲ್ಲು ಹಿಂದೆ 28, ಪೆಡಲ್ ಒಂದು ಸುತ್ತಿಗೆ ಚಕ್ರಾನೂ ಒಂದು ಸುತ್ತು, ಅಂದ್ರೆ ಎರಡು ಮೀಟರ್ ಚಿಲ್ಲರೆ. ನಿಮಿಷಕ್ಕೆ 60 ಸುತ್ತು ತುಳಿದ್ರೆ ಗಂಟೆಗೆ 7.3 ಕಿಮೀ. ನೂರಕ್ಕೆ ಎಂಟರ ಏರಲ್ಲಿ ಅಷ್ಟು ಓಡಿಸೋಕೆ ಸುಮಾರು 170 ವಾಟ್ ಬೇಕು. ನನ್ನ ಕಾಲಲ್ಲಿ ಅಷ್ಟು ಹತ್ತು ನಿಮಿಷ ಬರುತ್ತೆ, ಗಂಟೆಗಟ್ಟಲೆ ಬರಲ್ಲ, ಸುತ್ತು ಕಮ್ಮಿ ಮಾಡಿ ಒತ್ತಿ ತುಳಿದ್ರೆ ಮಂಡಿ ಹೋಗುತ್ತೆ. ಈಗ ಮುಂದೆ 42-34-24, ಹಿಂದೆ 11ರಿಂದ 34. ಅತಿ ಹಗುರ ಗೇರಲ್ಲಿ ಅದೇ 60 ಸುತ್ತಿಗೆ 5.1 ಕಿಮೀ, 120 ವಾಟ್ ಹತ್ರ. ಈ 50 ವಾಟ್ ವ್ಯತ್ಯಾಸಾನೇ ನಾನು ದುಡ್ಡು ಕೊಟ್ಟು ತಗೊಂಡಿದ್ದು. ಮುಂದೆ 22 ಹಲ್ಲಿಂದು ಹಾಕಿದ್ರೆ ಇನ್ನೂ ಹಗುರ ಆಗ್ತಿತ್ತು, ಆದ್ರೆ ಐದು ಕಿಮೀಗಿಂತ ಕೆಳಗೆ ಲಗೇಜ್ ಇರೋ ಸೈಕಲ್ ಹಾವಿನಂಗೆ ಹರಿದಾಡುತ್ತೆ, ಪಕ್ಕದಲ್ಲಿ ಟ್ರಕ್ ಬರ್ತಿರೋ ರಸ್ತೇಲಿ ಅದು ಬೇಡ.

ಅಂದಹಾಗೆ ಕುಳೆಮ್‌ನಿಂದ ಕ್ಯಾಸಲ್‌ರಾಕಿಗೆ ಹತ್ತೋ ರೈಲಿನ ದಾರಿ 37ಕ್ಕೆ 1ರ ಏರು, ನೂರಕ್ಕೆ ಮೂರೂ ಇಲ್ಲ, ಅಷ್ಟಕ್ಕೇ ರೈಲ್ವೆಯವರು ಗೂಡ್ಸ್ ಗಾಡಿ ಹಿಂದೆ ಬೇರೆ ಇಂಜಿನ್ ಹಚ್ಚಿ ನೂಕ್ತಾರೆ. ನಮಗೆ ಹಿಂದೆ ನೂಕೋರು ಯಾರೂ ಇಲ್ಲ, 34 ಹಲ್ಲಾದ್ರೂ ಇರ್ಲಿ.

ಡಿರೇಲರ್ (ಹಿಂದೆ ಚೈನ್ ಒಂದು ಗೇರಿಂದ ಇನ್ನೊಂದಕ್ಕೆ ಸರಿಸೋ ಸಾಮಾನು) ಉದ್ದ ಕೇಜಿಂದೇ ಬೇಕು, ಮುಂದೆ 42ಕ್ಕೂ 24ಕ್ಕೂ 18, ಹಿಂದೆ 34ಕ್ಕೂ 11ಕ್ಕೂ 23, ಒಟ್ಟು 41 ಹಲ್ಲಿನಷ್ಟು ಚೈನ್ ಸಡಿಲ ಅದು ನುಂಗ್ಬೇಕು. ಶಿಫ್ಟರ್ ಮಾತ್ರ ಟಕ್ ಟಕ್ ಅನ್ನೋದು ಹಾಕ್ಲಿಲ್ಲ, ಹೆಬ್ಬೆರಳಲ್ಲಿ ನೂಕೋ ಹಳೇ ಫ್ರಿಕ್ಷನ್ ಲಿವರ್. ಡಿರೇಲರ್ ತೂಗೋ ಹ್ಯಾಂಗರ್ ಸ್ವಲ್ಪ ಬಗ್ಗಿದ್ರೂ, ಕೇಬಲಲ್ಲಿ ಕೆಸರು ಹೊಕ್ಕಿದ್ರೂ, ನಾಳೆ ಎಲ್ಲೋ 7 ಸ್ಪೀಡಿನ ಚಕ್ರ ಸಿಕ್ಕಿ ಹಾಕಿದ್ರೂ ನಡೆಯುತ್ತೆ, ಕಿವಿ ಕೊಟ್ಟು ಕೂರಿಸಿದ್ರಾಯ್ತು.

ಬ್ರೇಕು ವಿ ಬ್ರೇಕ್. ಡಿಸ್ಕ್ ಹಾಕೋಕೆ ಫ್ರೇಮಲ್ಲಿ ಜಾಗಾನೂ ಇಲ್ಲ. 95 ಕೆಜಿ 500 ಮೀಟರ್ ಕೆಳಗೆ ಬಂದ್ರೆ ಸುಮಾರು 465 ಕಿಲೋಜೂಲ್, ಒಂದೂವರೆ ಲೀಟರ್ ನೀರು ಕುದಿಸೋವಷ್ಟು ಶಾಖ, ಅದ್ರಲ್ಲಿ ಗಾಳಿ ಎಷ್ಟು ತಗೊಳುತ್ತೋ ತಗೊಳ್ಳಲಿ, ಉಳಿದಿದ್ದೆಲ್ಲ ರಿಮ್ಮಿಗೆ. ಸಣ್ಣಗೆ ಹಿಡ್ಕೊಂಡೇ ಇರೋ ಬದ್ಲು ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು ಬಿಡೋದು, ನಡುವೆ ಗಾಳಿಗೆ ಆರೋಕೆ ಬಿಡೋದು.

ಕ್ಯಾರಿಯರ್ ಕಥೆ ಸ್ವಲ್ಪ ದೊಡ್ಡದು. ಈ ಫ್ರೇಮಲ್ಲಿ ಕ್ಯಾರಿಯರ್ ಬೋಲ್ಟ್ ಹಾಕೋಕೆ ಕಿವಿನೇ ಇಲ್ಲ. ರಬ್ಬರ್ ಹಾಕಿದ ಪಿ ಕ್ಲ್ಯಾಂಪ್ ಸಿಗುತ್ತೆ, 12 ಕೆಜಿಗೆ ನಡೆಯುತ್ತೆ ಅಂತಾರೆ, ಆದ್ರೆ ಜಾರಿದ್ರೆ ಬ್ಯಾಗ್ ಸೀದಾ ಕಡ್ಡಿಗಳ ಮೇಲೆ. ನಮ್ಮ ಓಣಿಗೆ ದಿನಾ ಬೆಳಿಗ್ಗೆ ಪೋಂ ಪೋಂ ಅಂತ ಬರೋ ಪೊದೇರನ (ಗೋವಾದ ಪಾವ್ ಮಾರೋನು) ಸೈಕಲ್ ಒಂದಿನ ಪಾವ್ ತಗೊಳ್ಳೋ ನೆಪದಲ್ಲಿ ಬಗ್ಗಿ ನೋಡ್ದೆ. ಇಷ್ಟು ವರ್ಷ ಬರೀ ಪಾವ್ ನೋಡಿದ್ದೆ. ಆ ದೊಡ್ಡ ಬುಟ್ಟಿಯ ಭಾರ ಸೀಟ್ ಹತ್ರ ಎಲ್ಲೂ ಕೂರಲ್ಲ, ಕ್ಯಾರಿಯರ್ ಕಾಲುಗಳು ಸೀದಾ ಕೆಳಗೆ ಹಿಂದಿನ ಆಕ್ಸಲ್ ಮೇಲೆ ಇಳಿದಿವೆ, ಮೇಲಿನ ಪಟ್ಟಿ ಬರೀ ಆಚೀಚೆ ಹೋಗದಂಗೆ ಹಿಡಿಯೋಕೆ. ಮತ್ತೆ ಹಿಂದಿನ ಚಕ್ರಕ್ಕೆ 40 ಕಡ್ಡಿ, ಮುಂದೆ 32, ಈ ಹಳೇ ದೊಡ್ಡ ಸೈಕಲ್‌ಗಳ ಪದ್ಧತೀನೇ ಅದು, ಭಾರ ಎಲ್ಲಿದೆಯೋ ಅಲ್ಲಿ ಕಡ್ಡಿ. ಎರಡೂ ಕಡೆ 32 ಹಾಕಿ ಟೂರಿಂಗ್ ಅಂತ ಮಾರೋರು ಇದನ್ನ ಒಂದ್ಸಲ ನೋಡ್ಬೇಕು.

ಕಿವಿ ಹಚ್ಚಿಸೋಕೆ ಪೋಂಡಾದಲ್ಲಿ ಬಾಗಲಕೋಟೆ ಕಡೆಯ ಒಬ್ರು ಹಿರೀಕರ ವೆಲ್ಡಿಂಗ್ ಶೆಡ್ಡಿಗೆ ಹೋದೆ, ಗ್ರಿಲ್ಲು ಗೇಟು ಮಾಡೋರು. ಮೊದ್ಲು ಕಾರ್ಖಾನೆ ಸಾಹೇಬ ಏನೋ ತಮಾಷೆಗೆ ಬಂದಿದಾನೆ ಅಂದ್ಕೊಂಡ್ರು, ಫ್ರೇಮ್ ಕೈಗೆ ತಗೊಂಡು ಉಗುರಲ್ಲಿ ಬಣ್ಣ ಕೆರೆದು ನೋಡಿದ್ರು.

"ಕರೆಂಟ್ ವೆಲ್ಡಿಂಗ್ ಬ್ಯಾಡ್ರಿ ಸಾಹೇಬ್ರ. ಪೈಪ್ ತೆಳ್ಳಗೈತಿ, ತೂತ ಬೀಳ್ತೈತಿ. ಗ್ಯಾಸಿನ ಮ್ಯಾಲ ಪಿತ್ತಾಳಿ ಹಾಕಿ ಕೂಡಸ್ತೀನಿ."

"ಗಟ್ಟಿ ಇರ್ತದಲ್ರೀ ಕಾಕಾ? ಲಗೇಜ್ ಹೇರಾಂವ ಅದೀನಿ."

"ನಮ್ಮಪ್ಪ ಹಿಂಗ ಹಾಕಿದ್ದ ಸೈಕಲ್ ಮ್ಯಾಲ ಎರಡ್ ಚೀಲ ಜೋಳ ಹೇರತಿದ್ರು. ನೀವೇನ್ ಹೇರವ್ರು, ಅಂಗಿ ಚಡ್ಡಿ."

ನಾನು ಮನೇಲೇ 12 ಎಂಎಂ ಸ್ಟೀಲ್ ರಾಡ್ ಸಣ್ಣ ಸಣ್ಣ ತುಂಡು ಮಾಡಿ ನಡುವೆ ತೂತು ಕೊರೆದು ಎಂ5 ಮರೆ ಹೊಡೆದು ಒಯ್ದಿದ್ದೆ. ಅವ್ರು ಬಣ್ಣ ಪೂರ್ತಿ ಉಜ್ಜಿ ಲೋಹ ಬೆಳ್ಳಗೆ ಕಾಣೋವರೆಗೆ ಬಿಡ್ಲಿಲ್ಲ, ಬಿಳಿಗಾರ ಹಚ್ಚಿ, ಜ್ವಾಲೆ ಆಡಿಸ್ತಾ ಆಡಿಸ್ತಾ ಪೈಪು ತುಂಡು ಎರಡೂ ಒಟ್ಟಿಗೆ ಕೆಂಪಗಾದ್ಮೇಲೆ ಪಿತ್ತಾಳಿ ಕಡ್ಡಿ ಮುಟ್ಟಿಸಿದ್ರು. ಮುಟ್ಟಿಸಿದ ಕೂಡ್ಲೇ ಪಿತ್ತಾಳೆ ಒಂದು ಸುತ್ತು ತಾನೇ ಹರಿದು ಸಂದಿಯೊಳಗೆ ಹೊಕ್ತು, ತುಂಡಿನ ಆ ಕಡೆ ಸಣ್ಣ ಬಂಗಾರದ ಗೆರೆ ಹಂಗೆ ಕಾಣಿಸ್ತು. ಕಡ್ಡಿ ಕರಗಿಸೋದು ಜ್ವಾಲೆ ಅಲ್ಲ, ಕಾದ ಪೈಪ್ ಕರಗಿಸ್ಬೇಕು, ಅದೇ ಇದ್ರ ಗುಟ್ಟು. ಹುಡುಗ ನೀರಿನ ಬಕೆಟ್ ತಂದ್ರೆ ಬೈದು ಕಳಿಸಿದ್ರು, ತಾನಾಗೇ ಆರ್ಬೇಕಂತೆ. ದುಡ್ಡು ಎಷ್ಟು ಅಂದ್ರೆ ಚಹಾದ ಖರ್ಚಿಗಿಂತ ಒಂಚೂರು ಜಾಸ್ತಿ ಹೇಳಿದ್ರು, ನಾನೇ ಜೇಬಿಗೆ ತುರುಕಿ ಬಂದೆ. ಹಂಗೇ ಹಳೇ ಚೈನಿನ ತುಂಡೊಂದನ್ನ ಪಟ್ಟಿಗೆ ಹಚ್ಚಿ ಕ್ಯಾಸೆಟ್ ಹಿಡ್ಕೊಳ್ಳೋ ಚೈನ್ ವಿಪ್ ಮಾಡಿಸ್ಕೊಂಡೆ, ಬಲಗಡೆ ಕಡ್ಡಿ ಮುರಿದ್ರೆ ಕ್ಯಾಸೆಟ್ ಬಿಚ್ಚದೇ ಹೊಸದು ಹಾಕೋಕಾಗಲ್ಲ, ಲಾಕ್‌ರಿಂಗ್ ಬಿಚ್ಚೋ ಸಣ್ಣ ಟೂಲ್ ಜೊತೆಗಿದ್ರೆ ದೊಡ್ಡ ಪಾನಾ ಯಾವುದಾದ್ರೂ ಟ್ರಕ್ ಗ್ಯಾರೇಜಲ್ಲಿ ಸಿಗುತ್ತೆ.

ಸುಟ್ಟ ಜಾಗಕ್ಕೆಲ್ಲ ಝಿಂಕ್ ಪ್ರೈಮರ್, ಅದ್ರ ಮೇಲೆ ಎನಾಮೆಲ್. ಇಲ್ಲಿ ಹವೇಲಿ ಬರೀ ಲೋಹ ಬಿಟ್ರೆ ಬೆಳಗಾಗೋದ್ರೊಳಗೆ ಕೆಂಪಾಗುತ್ತೆ. ಕ್ಯಾರಿಯರ್‌ನ ಮೂರು ಸೆಂಟಿಮೀಟರ್ ಹಿಂದಕ್ಕೆ ಕೂರಿಸ್ದೆ, ಎಂಟಿಬಿಗಳ ಹಿಂಭಾಗ ಗಿಡ್ಡ, ಇಲ್ಲಾಂದ್ರೆ ಪ್ರತಿ ಸುತ್ತಿಗೂ ಹಿಮ್ಮಡಿ ಬ್ಯಾಗಿಗೆ ಒದೆಯುತ್ತೆ.

ಬ್ಯಾಗು ರಿಕ್ಷಾ ಸೀಟ್ ಹೊಲಿಯೋರ ಹತ್ರ. ಟ್ರಕ್ಕಿಗೆ ಹೊದಿಸೋ ದಪ್ಪ ಪಿವಿಸಿ ತಾಡಪಾಲು, ಬಾಯಿ ಸುರುಳಿ ಸುತ್ತಿ ಬಕಲ್ ಹಾಕೋದು, ಬೆನ್ನಿಗೆ ಪ್ಲೈವುಡ್ ತುಂಡು, ಅಲ್ಯೂಮಿನಿಯಂ ಪಟ್ಟಿ ಬಗ್ಗಿಸಿ ಕೊಕ್ಕೆ, ಕೆಳಗಿಂದ ಹಳೇ ಟ್ಯೂಬಿನ ರಬ್ಬರ್ ಎಳೆದು ಕಟ್ಟೋದು. ಹೊಲಿಗೆ ತೂತಲ್ಲಿ ನೀರು ಬಂದೇ ಬರುತ್ತೆ, ಅದನ್ನ ತಡೆಯೋಕೆ ತಲೆ ಕೆಡಿಸ್ಕೊಳ್ಳೋ ಬದ್ಲು ಒಳಗೊಂದು ಗೊಬ್ಬರದ ಚೀಲದ ಪ್ಲಾಸ್ಟಿಕ್ ಲೈನರ್ ಇಟ್ಬಿಟ್ಟೆ. ಮಡ್‌ಗಾರ್ಡಿಗೂ ಟೈರಿಗೂ ನಡುವೆ ಎರಡು ಬೆರಳು ಜಾಗ ಬಿಡಿ, ಇಲ್ಲಿನ ಕೆಂಪು ಮಣ್ಣು ಒದ್ದೆ ಆದ್ರೆ ಅದ್ರೊಳಗೆ ಮೆತ್ಕೊಂಡು ಚಕ್ರಾನೇ ನಿಲ್ಲಿಸುತ್ತೆ.

ಮಳೆ ಹಿಂದಾದ್ಮೇಲೆ ಅನಮೋಡಕ್ಕೆ ಹೊರಟಿದ್ದು. ಪೋಂಡಾದಿಂದ ಉಸಗಾಂವ್, ಧಾರಬಾಂದೋಡಾ, ಮೊಲೆಂ, ಅಲ್ಲೀವರೆಗೆ ಹೇಳೋವಂಥದ್ದೇನಿಲ್ಲ, ಟ್ರಕ್ಕು ಧೂಳು. ಮೊಲೆಂ ಚೆಕ್‌ಪೋಸ್ಟ್ ದಾಟಿ ಭಗವಾನ್ ಮಹಾವೀರ ಅಭಯಾರಣ್ಯದ ಮರಗಳು ರಸ್ತೆ ಮೇಲೆ ಕೂಡಿದ ಕೂಡ್ಲೇ ಹವೆ ಬದಲಾಗುತ್ತೆ, ಬೆವರು ಮೈ ಮೇಲೇ ಉಳಿಯುತ್ತೆ, ಮತ್ತಿ ಮರದ ಮೇಲೆ ಕೆಂಜಳಿಲು ಒಂದೇ ಸಮ ಕಿರುಚ್ತಾ ಇರುತ್ತೆ. ಏರು ಶುರುವಾದ ಮೇಲೆ 24-34 ಹಾಕಿ ಕೂತೆ. ಎದ್ದು ನಿಂತು ತುಳಿಯೋ ಪ್ರಸಂಗ ಬರ್ಲಿಲ್ಲ. ಟ್ರಕ್ಕುಗಳೂ ಹೆಚ್ಚು ಕಮ್ಮಿ ನನ್ನ ಸ್ಪೀಡಲ್ಲೇ ಕೆಲವು ತಿರುವಲ್ಲಿ ನರಳ್ತಾ ಹತ್ತುತ್ವೆ, ಒಬ್ಬ ಕ್ಲೀನರ್ ಹುಡುಗ ಕಿಟಕಿಯಿಂದ ಕೈ ಚಾಚಿ ಹಿಡ್ಕೋ ಅಂತ ಸನ್ನೆ ಮಾಡ್ದ, ನಕ್ಕು ಬೇಡ ಅಂದೆ. ಒಂದು ಮಾತು, ಒಳ ತಿರುವಲ್ಲಿ ಏರು ಒಮ್ಮೆಗೇ ಕಡಿದಾಗುತ್ತೆ, ಅಂಚು ಬಿಟ್ಟು ಒಂದೆರಡು ಅಡಿ ಹೊರಗೆ ತುಳಿದ್ರೆ ಹಗುರ, ಹಿಂದೆ ಗಾಡಿ ಇಲ್ಲ ಅಂತ ನೋಡ್ಕೊಂಡು.

ಗೇರ್ ಬದಲಾಯಿಸೋದು ಮಾತ್ರ ಏರು ಬರೋ ಮುಂಚೇನೇ. ಮುಂದೆ 34ರಿಂದ 24ಕ್ಕೆ ಚೈನ್ ಇಳಿಸೋವಾಗ ಕಾಲಲ್ಲಿ ಒತ್ತಡ ಇದ್ರೆ ಇಳಿಯೋದೇ ಇಲ್ಲ, ಅಥವಾ ಇಳಿದು ಒಳಗೆ ಬಾಟಮ್ ಬ್ರ್ಯಾಕೆಟ್ ಮೇಲೆ ಬೀಳುತ್ತೆ. ಸೀಟ್ ಟ್ಯೂಬಿಗೆ ಪ್ಲಾಸ್ಟಿಕ್ ಚೈನ್ ತಡೆ ಒಂದು ಕಟ್ಟಿದೀನಿ, ಚಿಕ್ಕ ಸಾಮಾನು, ದೊಡ್ಡ ನೆಮ್ಮದಿ.

ಮೇಲೆ ಅನಮೋಡದಲ್ಲಿ ಅಬಕಾರಿ ತಪಾಸಣೆ. ಗೋವಾದಿಂದ ಬರೋ ಎಲ್ಲಾ ಗಾಡಿಗೂ ಇರುತ್ತೆ, ಸೈಕಲ್ಲಿಗೂ ಇದೆ ಅಂತ ಆವತ್ತು ಗೊತ್ತಾಯ್ತು.

"ಏನೈತ್ರಿ ಇದ್ರಾಗ? ಬಾಟ್ಲಿ ಗೀಟ್ಲಿ?"

"ಎರಡ್ ಅದಾವ್ರಿ ಸರ. ಒಂದು ನೀರು, ಒಂದು ಚೈನಿಗೆ ಹಾಕೋ ಎಣ್ಣಿ."

ಎಣ್ಣಿ ಅಂದ ಕೂಡ್ಲೇ ಅವ್ರ ಮುಖ ನೋಡ್ಬೇಕಿತ್ತು. ಬ್ಯಾಗ್ ಎರಡೂ ಬಿಚ್ಚಿಸಿ, ಗೊಬ್ಬರದ ಚೀಲದೊಳಗಿಂದ ಟ್ಯೂಬು, ಪಾನಾ, ಲುಂಗಿ ಒಂದೊಂದೇ ಹೊರಗೆ ಬಂದ್ಮೇಲೆ ಆ ಸಣ್ಣ ಬಾಟ್ಲಿ ಮೂಸಿ ನೋಡಿ ಕಳಿಸಿದ್ರು. ಆಮೇಲೆ ಅವ್ರೇ ಕೂರಿಸಿ ಚಹಾ ಕೊಟ್ಟು, ಇದಕ್ಕ ಎಷ್ಟ ಗೇರ್ ಅದಾವು, ಮೋಟ್ರು ಇಲ್ಲೇನು ಅಂತ ಕೇಳಿದ್ರು.

ರಾಮನಗರದಲ್ಲಿ ಗಾಳಿ ನೋಡಿಸ್ದೆ, ಲಗೇಜ್ ಇದ್ದಾಗ 1.75 ಟೈರಿಗೆ 55 ಪಿಎಸ್‌ಐ ನನಗೆ ಸರಿ ಬಂದಿದೆ. ಕಡ್ಡಿ ಮೀಟಿ ನೋಡ್ದೆ, ಒಂದೂ ಇಳಿದಿರ್ಲಿಲ್ಲ. ಕ್ಯಾಸಲ್‌ರಾಕ್ ಕಡೆ ಹೋಗೋ ಸಣ್ಣ ರಸ್ತೇಲಿ ಒಳಗೆ ತನಕ ತಿರುಗಿ ಬಂದೆ, ಕಾಡೊಳಗೆ ಕತ್ತಲಾಗೋವರೆಗೆ ಉಳಿಯೋದು ಬೇಡ, ಕಾಡುಕೋಣ ರಸ್ತೆಗೆ ಬರೋ ಹೊತ್ತು ಅದು, ಅದಕ್ಕೆ ಬೆಲ್ಲು ಹಾರ್ನು ಏನೂ ಲೆಕ್ಕಕ್ಕಿಲ್ಲ. ಸಂಜೆಯಾದ್ರೆ ಊರಲ್ಲಿ ಉಳ್ಕೊಳ್ಳಿ.

ಇಳಿಯೋವಾಗ ಕಂಡಿದ್ದು ಎರಡು. ಒಂದು, ಹಿಂದೆ ಮಾತ್ರ ಭಾರ ಇರೋದ್ರಿಂದ 40 ಕಿಮೀ ದಾಟಿದ್ರೆ ಹ್ಯಾಂಡಲ್ ಸಣ್ಣಗೆ ನಡುಗುತ್ತೆ, ಮಂಡಿಯಿಂದ ಮೇಲಿನ ಪೈಪ್ ಒತ್ತಿ ಹಿಡಿದ್ರೆ ನಿಲ್ಲುತ್ತೆ, ಆದ್ರೆ ಅದು ಪರಿಹಾರ ಅಲ್ಲ. ನಾಲ್ಕೈದು ಕೆಜಿ ಮುಂದಕ್ಕೆ ಹೋಗ್ಬೇಕು, ಫೋರ್ಕಿಗೂ ಎರಡು ಕಿವಿ ಹಚ್ಚಿಸಿ ಆಕ್ಸಲ್ ಮಟ್ಟದಲ್ಲಿ ಸಣ್ಣ ಬ್ಯಾಗ್ ತೂಗು ಹಾಕೋ ಯೋಚನೆ ಇದೆ, ಕಾಕಾ ಊರಿಂದ ಬರ್ಲಿ ಅಂತ ಕಾಯ್ತಿದೀನಿ. ಇನ್ನೊಂದು, ಬ್ರೇಕ್ ಪ್ಯಾಡು. ಮೊಲೆಂಗೆ ಬಂದು ಬಿಚ್ಚಿ ನೋಡಿದ್ರೆ ರಬ್ಬರಲ್ಲಿ ಅಲ್ಯೂಮಿನಿಯಂ ಚೂರು ಸಾಸಿವೆ ಕಾಳಿನಷ್ಟು ಸಿಕ್ಕೊಂಡಿತ್ತು, ರಿಮ್ ಮೇಲೆ ಗೀರು ಬೇರೆ. ಸೂಜಿಯಲ್ಲಿ ಕಿತ್ತು ಮರಳು ಕಾಗದದಲ್ಲಿ ಉಜ್ಜಿ ಬಂದೆ. ಗಟ್ಟಿ ರಬ್ಬರಿನ ಅಗ್ಗದ ಪ್ಯಾಡಿನ ಹಣೆಬರಹ ಇಷ್ಟೇ, ಮೆತ್ತಗಿರೋದು ಆರ್ಡರ್ ಹಾಕಿದೀನಿ, ಅದು ಬರೋವರೆಗೆ ಚೋರ್ಲಾ ಕಡೆ ಮುಖ ಹಾಕಲ್ಲ.

ಗೋವಾ ಅಥವಾ ಬೆಳಗಾವಿ ಕಡೆ ಯಾರ ಹತ್ರಾನಾದ್ರೂ 36 ತೂತಿನ ಮುಂದಿನ ಹಬ್ ಸುಮ್ನೆ ಬಿದ್ದಿದ್ರೆ ಹೇಳಿ, ಬಾಲ್ಸ್ ಕೋನ್ ಸವೆದಿದ್ರೂ ಪರವಾಗಿಲ್ಲ, ಅದನ್ನ ನಾನು ಹಾಕ್ಕೋತೀನಿ.